ಕಾರಿನ ಪ್ಲಾಸ್ಟಿಕ್ ಕ್ಲಿಪ್ ಮುರಿಯದಂತೆ ಬಿಚ್ಚುವುದು ಹೇಗೆ?

ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಒಳಗಿನ ಸ್ಪೀಕರ್ ಬದಲಿಸಬೇಕು, ಬಂಪರ್ ಹಿಂದಿನ ಹಾರ್ನ್ ನೋಡಬೇಕು, ವೈಪರ್ ಕೆಳಗೆ ತುಂಬಿಕೊಂಡ ಎಲೆ ತೆಗೆಯಬೇಕು. ಕೆಲಸ ಯಾವುದೇ ಇರಲಿ, ದಾರಿಗೆ ಅಡ್ಡ ಬರುವುದು ಕಪ್ಪು ಬಣ್ಣದ ಸಣ್ಣ ಪ್ಲಾಸ್ಟಿಕ್ ಕ್ಲಿಪ್. ಜೋರಾಗಿ ಎಳೆದರೆ ಕ್ಲಿಪ್ ಮುರಿಯುತ್ತದೆ, ಇಲ್ಲವೇ ಅದು ಕೂತಿದ್ದ ತೂತೇ ಹರಿಯುತ್ತದೆ. ಕ್ಲಿಪ್ ಹೋದರೆ ಹೋಗುವುದು ಕೆಲವೇ ರೂಪಾಯಿ. ತೂತು ಹರಿದರೆ ಇಡೀ ಪ್ಯಾನಲ್ಲೇ ಹೋದಂತೆ. ಅದಕ್ಕೇ ಕೈ ಹಾಕುವ ಮೊದಲು, ಎದುರಿಗಿರುವ ಕ್ಲಿಪ್ ಯಾವ ಥರದ್ದು ಅಂತ ನೋಡಿಕೊಳ್ಳಿ.

ಮೊದಲು ಕ್ಲಿಪ್ ತಲೆಯನ್ನು ಹಳೆ ಟೂತ್ ಬ್ರಷ್‌ನಿಂದ ತೊಳೆಯಿರಿ. ಚಕ್ರದ ಮೇಲಿನ ಫೆಂಡರ್ ಲೈನರ್, ಎಂಜಿನ್ ಕೆಳಗಿನ ಕವರ್ ಇಂಥ ಕಡೆ ಮಳೆಗಾಲದ ಕೆಸರು ಒಣಗಿ ಗಟ್ಟಿಯಾಗಿ ಕೂತಿರುತ್ತದೆ. ಅದು ಹೋಗದೆ ಕ್ಲಿಪ್ ನಡುವಿನ ಪಿನ್ ಅಲ್ಲಾಡುವುದಿಲ್ಲ. ಕ್ಲಿಪ್ ಎಂಥದ್ದು ಅಂತ ಗೊತ್ತಾಗುವುದೂ ಇಲ್ಲ.

ತಲೆಯ ಅಂಚಿನಲ್ಲಿ ಸಣ್ಣ ಕಚ್ಚು ಇದ್ದು, ನಡುವಿನ ಪಿನ್ ಸ್ವಲ್ಪ ಉಬ್ಬಿದ್ದರೆ ಅದು ಎಳೆಯುವ ಕ್ಲಿಪ್. ಕಚ್ಚಿಗೆ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ನಡುವಿನ ಪಿನ್ ಮಾತ್ರ ಮೇಲೆತ್ತಿ. ಅದು ಸ್ವಲ್ಪ ಮೇಲೆ ಬಂದು ನಿಲ್ಲುತ್ತದೆ. ಆಗ ಒಳಗೆ ಹರಡಿಕೊಂಡಿದ್ದ ಕಾಲುಗಳು ಒಟ್ಟಿಗೆ ಸೇರುತ್ತವೆ, ಇಡೀ ಕ್ಲಿಪ್ ಸಲೀಸಾಗಿ ಹೊರಬರುತ್ತದೆ. ಪಿನ್ ಎತ್ತದೆ ಕ್ಲಿಪ್ಪನ್ನೇ ಮೀಟಿದರೆ ಮುರಿಯುವುದು ಗ್ಯಾರಂಟಿ.

ಕಚ್ಚಿಲ್ಲದೆ, ನಡುವಿನ ಪಿನ್ ತಲೆಗೆ ಸಮವಾಗಿ ಅಥವಾ ಸ್ವಲ್ಪ ಕುಳಿಯಾಗಿ ಕಂಡರೆ ಅದು ಒತ್ತುವ ಕ್ಲಿಪ್. ಬಾಲ್‌ಪೆನ್ ತುದಿಯಂಥ ಮೊಂಡು ವಸ್ತುವಿನಿಂದ ಪಿನ್ನನ್ನು ಎರಡು ಮೂರು ಮಿಲಿಮೀಟರ್ ಒಳಗೊತ್ತಿ. 'ಟಕ್' ಅಂದ ಕೂಡಲೇ ನಿಲ್ಲಿಸಿ. ಜಾಸ್ತಿ ಒತ್ತಿದರೆ ಪಿನ್ ಒಳಗೆ ಬಿದ್ದುಹೋಗಬಹುದು. ವಾಪಸ್ ಹಾಕುವಾಗ ಪಿನ್ನನ್ನು ಹಿಂಭಾಗದಿಂದ ದೂಡಿ ತಲೆಯ ಮೇಲೆ ಉಬ್ಬುವಂತೆ ಮಾಡಿ, ಕ್ಲಿಪ್ ತೂರಿಸಿ, ಆಮೇಲೆ ಪಿನ್ನನ್ನು ತಲೆಗೆ ಸಮ ಆಗುವಷ್ಟು ಒತ್ತಿ.

ಪ್ಲಸ್ ಗುರುತಿನದು ತಿರುಗಿಸುವ ಕ್ಲಿಪ್. ಇಲ್ಲಿ ಬಹಳ ಜನ ಸ್ಕ್ರೂಡ್ರೈವರನ್ನು ಬಲವಾಗಿ ಒತ್ತಿ ತಿರುಗಿಸುತ್ತಾರೆ. ಒತ್ತಿದಷ್ಟೂ ಪಿನ್ ಕೆಳಗೇ ಕೂರುತ್ತದೆ, ಅಲ್ವಾ? ಹಗುರವಾಗಿ ಹಿಡಿದು ತಿರುಗಿಸಿ. ಸುಮ್ನೆ ತಿರುಗುತ್ತಾ ಮೇಲೆ ಬರದಿದ್ದರೆ ಪಿನ್ನಿನ ಮರೆ (ಥ್ರೆಡ್) ಸವೆದಿದೆ ಎಂದರ್ಥ. ಇನ್ನೊಂದು ಕೈಯಲ್ಲಿ ತೆಳು ಬ್ಲೇಡನ್ನು ಪಿನ್ ತಲೆಯ ಕೆಳಗೆ ಕೊಟ್ಟು, ಮೇಲೆತ್ತುತ್ತಲೇ ತಿರುಗಿಸಿ.

ಡೋರ್ ಪ್ಯಾಡ್‌ನದು ಬೇರೆಯೇ ಕಥೆ. ಇಲ್ಲಿ ಕ್ಲಿಪ್‌ಗಳು ಹಿಂಬದಿಯಲ್ಲಿರುತ್ತವೆ, ಕಣ್ಣಿಗೆ ಬೀಳುವುದಿಲ್ಲ. ಮೊದಲು ಸ್ಕ್ರೂ ಹುಡುಕಿ: ಬಾಗಿಲು ತೆರೆಯುವ ಹಿಡಿಯ ಹಿಂದೆ, ಎಳೆಯುವ ಹಿಡಿಯ ಗುಳಿಯೊಳಗೆ, ಕನ್ನಡಿ ಹತ್ತಿರದ ತ್ರಿಕೋನ ಮುಚ್ಚಳದ ಕೆಳಗೆ. ಒಂದೇ ಒಂದು ಸ್ಕ್ರೂ ಉಳಿದಿದ್ದರೂ ಪ್ಯಾಡ್ ಬಿರುಕು ಬಿಡುತ್ತದೆ. ಎಲ್ಲ ಬಿಚ್ಚಿದ ಮೇಲೆ ಕೆಳಗಿನ ಮೂಲೆಯಿಂದ ಶುರು ಮಾಡಿ. ಕವಲು ತುದಿಯ ಪ್ಲಾಸ್ಟಿಕ್ ಟ್ರಿಮ್ ಟೂಲನ್ನು ಸಂದಿಗೆ ತೂರಿಸಿ, ಕ್ಲಿಪ್ ತಗಲುವವರೆಗೆ ಜರುಗಿಸಿ. ಕವಲು ಕ್ಲಿಪ್‌ನ ಕುತ್ತಿಗೆಯ ಎರಡೂ ಬದಿಗೆ ಕೂತ ಮೇಲೆ ಮೀಟಿ. ಬಲ ಕ್ಲಿಪ್‌ನ ಬುಡಕ್ಕೆ ಬೀಳಬೇಕೇ ಹೊರತು ಪ್ಯಾಡ್‌ನ ಅಂಚಿಗಲ್ಲ. ಇಡೀ ಕೆಲಸದಲ್ಲಿ ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು. ಟ್ರಿಮ್ ಟೂಲ್ ಸೆಟ್ ದುಬಾರಿಯೇನಲ್ಲ, ಒಂದು ತೆಗೆದಿಟ್ಟುಕೊಳ್ಳಿ. ಸ್ಕ್ರೂಡ್ರೈವರೇ ಗತಿ ಅಂದರೆ ತುದಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಪೇಂಟ್ ಎದ್ದು ತಗಡು ತುಕ್ಕು ಹಿಡಿಯುತ್ತದೆ.

ಕ್ಲಿಪ್ ಎಲ್ಲ ಬಿಟ್ಟ ಮೇಲೂ ಪ್ಯಾಡನ್ನು ಎಳೆಯಬೇಡಿ. ಬಹಳಷ್ಟು ಕಾರುಗಳಲ್ಲಿ ಅದು ಕಿಟಕಿಯ ಕೆಳ ಅಂಚಿಗೆ ನೇತುಬಿದ್ದಿರುತ್ತದೆ, ಮೇಲಕ್ಕೆತ್ತಿ ತೆಗೆಯಬೇಕು. ಹಿಂದೆ ಕಿಟಕಿ ಸ್ವಿಚ್ಚಿನ ವೈರು, ಹಿಡಿಯ ಕೇಬಲ್ ಇರುತ್ತವೆ. ಅವನ್ನು ಬಿಚ್ಚುವ ತನಕ ಪ್ಯಾಡ್ ಕೈಯಲ್ಲೇ ಇರಲಿ.

ಹಳೆ ಕ್ಲಿಪ್‌ಗಳ ಬಗ್ಗೆ ಒಂದು ಮಾತು. ಇವು ಹೆಚ್ಚಾಗಿ ನೈಲಾನ್‌ನವು. ವರ್ಷಗಟ್ಟಲೆ ಎಂಜಿನ್ ಬಿಸಿ ತಿಂದರೆ ಪೆಡಸಾಗುತ್ತವೆ. ರೇಡಿಯೇಟರ್ ಮೇಲಿನ ಕವರ್‌ನ ಕ್ಲಿಪ್‌ಗಳು ಮುಟ್ಟಿದರೇ ಮುರಿಯುವುದು ಅದಕ್ಕೆ. ಹೇರ್ ಡ್ರೈಯರ್‌ನಲ್ಲಿ ಒಂದೆರಡು ನಿಮಿಷ ಬಿಸಿ ಮಾಡಿದರೆ ತುಸು ಮೆದುವಾಗುತ್ತವೆ. ಆದರೂ ಬಿಡದಿದ್ದರೆ ಜಗ್ಗಾಡಬೇಡಿ. ಕಟ್ಟರ್‌ನಿಂದ ತಲೆ ಕತ್ತರಿಸಿ, ಉಳಿದದ್ದನ್ನು ಒಳಗೆ ದೂಡಿ. ಬಾಗಿಲಿನೊಳಗೆ ಬಿದ್ದ ಚೂರನ್ನು ಮಾತ್ರ ಹೆಕ್ಕಿ ತೆಗೆಯಿರಿ, ಇಲ್ಲದಿದ್ದರೆ ಗಾಡಿ ಓಡುವಾಗೆಲ್ಲ ಕಟಕಟ ಅನ್ನುತ್ತಿರುತ್ತದೆ.

ಮುಂಗಾಜಿನ ಪಕ್ಕದ ಕಂಬದ ಟ್ರಿಮ್ (ಪ್ಲಾಸ್ಟಿಕ್ ಹೊದಿಕೆ) ಮೇಲೆ ಏರ್‌ಬ್ಯಾಗ್ ಅಂತ ಬರೆದಿದ್ದರೆ ಅದನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಬ್ಯಾಗ್ ಸಿಡಿದಾಗ ಟ್ರಿಮ್ ಹಾರಿ ಮುಖಕ್ಕೆ ಬಡಿಯದಂತೆ ಹಿಡಿಯುವ ವಿಶೇಷ ಕ್ಲಿಪ್ ಹಲವು ಕಾರುಗಳಲ್ಲಿ ಅಲ್ಲಿರುತ್ತದೆ. ಅಂಥವನ್ನು ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಬೇಕಾಗಬಹುದು. ಆ ಕೆಲಸ ಸರ್ವಿಸ್ ಸೆಂಟರ್‌ಗೆ ಬಿಡಿ.

ಹೊಸ ಕ್ಲಿಪ್ ಬೇಕಾದರೆ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ತಲೆಯ ಅಗಲ ನೋಡಿ ಕೊಳ್ಳಬೇಡಿ, ತೂತಿಗೆ ಹೊಂದಬೇಕಾದ್ದು ಕಾಲಿನ ದಪ್ಪ. 7 ಮಿ.ಮೀ. ತೂತಿಗೆ 8 ಮಿ.ಮೀ.ದು ತುರುಕಿದರೆ ಮುಂದಿನ ಸಲ ಬಿಚ್ಚಲು ಬರುವುದಿಲ್ಲ.

ಡೋರ್ ಪ್ಯಾಡ್ ವಾಪಸ್ ಕೂರಿಸುವ ಮುನ್ನ ಬಾಗಿಲಿನಲ್ಲೇ ಉಳಿದ ಕ್ಲಿಪ್‌ಗಳನ್ನು ಕಿತ್ತು ಪ್ಯಾಡ್‌ಗೆ ಸಿಕ್ಕಿಸಿ. ಕ್ಲಿಪ್‌ಗೆ ಸ್ಪಂಜಿನ ಉಂಗುರ ಇದ್ದರೆ ಎಸೆಯಬೇಡಿ, ಮಳೆನೀರು ಒಳಗೆ ಬರದಂತೆ ತಡೆಯುವುದು ಅದೇ. ವೈರು ಜೋಡಿಸಿ, ಕಿಟಕಿ ಗಾಜು ಏರಿಸಿ ಇಳಿಸಿ ನೋಡಿ. ಎಲ್ಲ ಸರಿ ಇದ್ದರೆ ಮೇಲಿನ ಅಂಚು ಸಿಕ್ಕಿಸಿ, ಪ್ರತಿ ಕ್ಲಿಪ್ ತೂತಿನ ಎದುರು ಬಂದದ್ದು ನೋಡಿಕೊಂಡು ಅಂಗೈಯಿಂದ ಒಂದೊಂದಾಗಿ ಗುದ್ದಿ. ಆಮೇಲೆ ಸ್ಕ್ರೂ ಬಿಗಿಯಿರಿ.