ಹಳೇ ಪ್ಯಾರಿಷ್ ಚರ್ಚಿನ ಚರಿತ್ರೆ ಹುಡುಕುವವರಿಗೆ

ಇಂಗ್ಲೆಂಡಿನ ಹಳ್ಳಿಗಳ ಆಂಗ್ಲಿಕನ್ ಚರ್ಚುಗಳಲ್ಲಿ ಬಾಗಿಲ ಹತ್ತಿರ ಸಾಮಾನ್ಯವಾಗಿ ಒಂದು ಪುಟ್ಟ ಚರಿತ್ರೆ ಪುಸ್ತಿಕೆ ಇಟ್ಟಿರುತ್ತಾರೆ. ಕೊಂಡುಕೊಳ್ಳಿ, ಆದರೆ ಆಗಲೇ ಓದಬೇಡಿ. ಓದಿಬಿಟ್ಟರೆ ಕಣ್ಣು ಅದರಲ್ಲಿರುವುದನ್ನಷ್ಟೇ ಹುಡುಕುತ್ತದೆ. ಮೊದಲು ಕಟ್ಟಡ ನೋಡಿ.

ಹೊರಗೆ ನಿಧಾನವಾಗಿ ಒಂದು ಸುತ್ತು ಹಾಕಿ. ಗೋಪುರದ ಗೋಡೆಯಲ್ಲಿ ಈಗಿನ ಚಾವಣಿಗಿಂತ ಮೇಲೆ ಇಳಿಜಾರು ಗೆರೆ ಕಂಡರೆ, ಹಿಂದೆ ಚಾವಣಿ ಅಷ್ಟು ಎತ್ತರಕ್ಕಿತ್ತು. ಕಮಾನಿನೊಳಗೆ ಕಲ್ಲು ತುಂಬಿದ್ದರೆ ಅಲ್ಲೊಂದು ಬಾಗಿಲೋ ಕಿಟಕಿಯೋ ಇತ್ತು. ದಕ್ಷಿಣದ ಬಾಗಿಲ ಪಕ್ಕದ ಕಲ್ಲಿಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನಾನು ಹಾಗೆ ಹಿಡಿದಾಗ ಅಂಗೈಯಗಲದ ಗುರುತೊಂದು ಎದ್ದು ಬಂತು. ನಡುವೆ ಒಂದು ತೂತು, ಅಲ್ಲಿಂದ ಕೆಳಕ್ಕೆ ಗೀರಿದ ಗೆರೆಗಳು. ಪೂಜೆಯ ಹೊತ್ತು ತಿಳಿಯಲು ಮಾಡಿದ ನೆರಳಿನ ಗಡಿಯಾರ ಅದು. ತೂತಿಗೆ ಕಡ್ಡಿ ಸಿಕ್ಕಿಸುತ್ತಿದ್ದರು. ಈಗ ಅಲ್ಲಿ ಬಿಸಿಲೇ ಬೀಳುವುದಿಲ್ಲ, ಮುಂದೆ ಮಂಟಪವಿದೆ. ಆ ಕಲ್ಲನ್ನು ಬೇರೆ ಕಡೆಯಿಂದ ತಂದು ಕೂರಿಸಿಲ್ಲ ಅಂದರೆ, ಮಂಟಪ ಆಮೇಲೆ ಬಂದಿದ್ದು ಅಲ್ವಾ? ಒಂದು ಕಾಗದವೂ ಇಲ್ಲದೆ ಇಷ್ಟು ತಿಳಿಯಿತು.

ಆಮೇಲೆ ಕೌಂಟಿ, ಅಂದರೆ ಅಲ್ಲಿನ ಜಿಲ್ಲೆಯ, ದಾಖಲೆ ಕಚೇರಿಗೆ ಹೋಗಿ. ಪೆನ್ಸಿಲ್ ಒಯ್ಯಿರಿ, ಅಲ್ಲಿ ಪೆನ್ನು ಬಿಡುವುದಿಲ್ಲ. ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂದು 1538ರಲ್ಲಿ ರಾಜ 8ನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿದ. ಆ ಕಾಲದ ಪುಸ್ತಕಗಳು ಎಷ್ಟೋ ಕಡೆ ಉಳಿದಿಲ್ಲ. ಆದರೆ 1598ರಿಂದ ಪ್ರತಿ ವರ್ಷ ಒಂದು ನಕಲು ಬಿಷಪ್‌ಗೆ ಹೋಗಬೇಕಿತ್ತು. ಪ್ಯಾರಿಷ್ ಪುಸ್ತಕ, ಅಂದರೆ ಆ ಚರ್ಚಿಗೆ ಸೇರಿದ ಊರಿನ ಮೂಲ ಪುಸ್ತಕ, ಇಲ್ಲವೆಂದರೆ ಸುಮ್ನೆ ಎದ್ದು ಬರಬೇಡಿ, ಬಿಷಪ್‌ನ ನಕಲು ಕೇಳಿ.

ತಾರೀಖಿನ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಒಮ್ಮೆ ನನಗೆ 1720ರ ಮೇ ತಿಂಗಳಲ್ಲಿ ಒಂದು ಮದುವೆ, 1720ರ ಫೆಬ್ರವರಿಯಲ್ಲಿ ಅದೇ ದಂಪತಿಯ ಮಗುವಿನ ದೀಕ್ಷಾಸ್ನಾನ ಸಿಕ್ಕಿತು. ಮದುವೆಗೆ ಮೊದಲೇ ಮಗು ಎಂದು ಬರೆದುಕೊಂಡೆ. ಅದು ತಪ್ಪು. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1721. ಸತ್ತು ಮುನ್ನೂರು ವರ್ಷವಾದ ಹೆಣ್ಣುಮಗಳ ಮೇಲೆ ಸುಳ್ಳು ಹೊರಿಸಿದೆನಲ್ಲಾ ಎಂದು ಬಹಳ ನೊಂದುಕೊಂಡೆ.

ಸಮಯ ಕಡಿಮೆ ಇದ್ದರೆ ಚರ್ಚಿನ ಹಣ, ಕಟ್ಟಡ ನೋಡಿಕೊಳ್ಳುತ್ತಿದ್ದ ಚರ್ಚ್ ವಾರ್ಡನ್‌ಗಳ ಖರ್ಚಿನ ಲೆಕ್ಕವನ್ನೇ ಓದಿ. ಗಂಟೆಗೆ ಹೊಸ ಹಗ್ಗ, ಚಾವಣಿಗೆ ಸೀಸ, ನರಿ ಕೊಂದು ತಲೆ ತಂದವನಿಗೆ ಕೊಟ್ಟ ಕಾಸು, ಎಲ್ಲ ಅದರಲ್ಲಿರುತ್ತದೆ. ಚರ್ಚ್ ನಡೆಸಿದವರ ಕೈಬರಹವೇ ಅದು.

ಈಗ ಪುಸ್ತಿಕೆ ತೆಗೆಯಿರಿ. ಒಂದೊಂದು ಸಾಲಿನ ಪಕ್ಕದಲ್ಲೂ ಪೆನ್ಸಿಲ್‌ನಿಂದ ಬರೆಯಿರಿ: ಇದನ್ನು ಕಲ್ಲಿನಲ್ಲಿ ಕಂಡೆ, ಇದನ್ನು ಕಾಗದದಲ್ಲಿ ಕಂಡೆ, ಇದು ಎಲ್ಲೂ ಸಿಗಲಿಲ್ಲ.