ಅಂಗೈಯ ಗಾಯ, ಸಂಜೆಯ ಭಯ: ನನ್ನ ಅನುಭವ

2023ರ ಬೇಸಿಗೆಯ ಒಂದು ಸಂಜೆ, ರಾಯಚೂರಿನ ನಮ್ಮ ಬಡಾವಣೆಯ ತಿರುವಿನಲ್ಲಿ ಬೈಕಿನಲ್ಲಿ ಬಂದ ಇಬ್ಬರು ನನ್ನ ಸರಕ್ಕೆ ಕೈ ಹಾಕಿ ಚಾಕು ಎತ್ತಿದಾಗ, ನಾನು ಅದರ ಅಲಗನ್ನೇ ಬಲಗೈಯಿಂದ ಹಿಡಿದುಬಿಟ್ಟೆ. ಸರ ಹೋಯಿತು, ಉಂಗುರಬೆರಳು, ಕಿರುಬೆರಳುಗಳನ್ನು ಮಡಚುವ ಸ್ನಾಯುರಜ್ಜುಗಳು ತುಂಡಾದವು. ಸೆರಗನ್ನು ಅಂಗೈಗೆ ಬಲವಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲಕ್ಕೆತ್ತಿಕೊಂಡೇ ಆಸ್ಪತ್ರೆ ಸೇರಿದೆ.

ಗಾಜು ಕೊಯ್ದಿತೆಂದು ಬರೆಸೋಣ, ಠಾಣೆಯ ಗೋಜು ಬೇಡವೆಂದು ಬಂಧುಗಳು ಹೇಳಿದರು. ನಾನು ಒಪ್ಪದೆ, ನಡೆದದ್ದನ್ನು ನಡೆದಂತೆಯೇ ಹೇಳಿ ಎಂಎಲ್‌ಸಿ, ಅಂದರೆ ಪೊಲೀಸ್ ಪ್ರಕರಣಕ್ಕೆ ಬೇಕಾಗುವಂತೆ ಆಸ್ಪತ್ರೆಯವರು ಗಾಯದ ಬಗ್ಗೆ ಬರೆಯುವ ದಾಖಲೆ, ಮಾಡಿಸಿದೆ. ಆರೋಪಿಗಳು ಪತ್ತೆಯಾಗದಿದ್ದರೂ ಸಂತ್ರಸ್ತರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹಾಕಬಹುದೆಂಬುದು ನನಗೆ ಆಮೇಲೆ ತಿಳಿಯಿತು. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಲ್ಲಿದೆ. ಅರ್ಜಿಯೊಂದಿಗೆ ನಾನು ಲಗತ್ತಿಸಿದ ಮುಖ್ಯ ದಾಖಲೆಗಳಲ್ಲಿ ಆ ದಿನದ ಎಂಎಲ್‌ಸಿಯೂ ಒಂದು.

ಹೊಲಿಗೆ ಹಾಕಿದ ಸ್ನಾಯುರಜ್ಜು ಅವಸರ ಸಹಿಸುವುದಿಲ್ಲ. ಆರು ವಾರ ಪಟ್ಟಿ ಕಟ್ಟಿಕೊಂಡು, ಫಿಸಿಯೋಥೆರಪಿಸ್ಟ್ ತೋರಿಸಿದ ಮಿತಿಯೊಳಗೆ ಎಡಗೈಯಿಂದ ಆ ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಡಿಸುತ್ತಿದ್ದೆ. ಹನ್ನೆರಡು ವಾರ ಕಳೆಯುವವರೆಗೆ ತುಂಬಿದ ಕೊಡ ಎತ್ತಲಿಲ್ಲ. ಅನಂತರ ಬೋಗುಣಿಯ ತುಂಬ ಜೋಳ ಹಾಕಿ, ಅದರೊಳಗೆ ಕೈಯಿಟ್ಟು ಹಿಡಿ ಕಟ್ಟುವುದು, ಬಿಡುವುದು. ಮೊದಲ ದಿನ ಹಿಡಿಯೊಳಗಿನ ಕಾಳೆಲ್ಲ ಕಿರುಬೆರಳಿನ ಸಂದಿಯಿಂದ ಸೋರಿಹೋದವು. ಐದನೆಯ ತಿಂಗಳು ರೊಟ್ಟಿ ಬಡಿಯಲು ಕುಳಿತಾಗ, ನೆಟ್ಟಗಾಗದ ಅದೇ ಬೆರಳು ತಾಗಿ ರೊಟ್ಟಿಯ ಅಂಚು ಹರಿಯುತ್ತಿತ್ತು. ಹರಿದ ರೊಟ್ಟಿಗಳನ್ನೇ ಮನೆಯವರೆಲ್ಲ ಉಂಡರು.

ಭಯಕ್ಕೂ ಚಿಕಿತ್ಸೆ ಬೇಕೆಂದು ಒಪ್ಪಿಕೊಳ್ಳಲು ನಾನು ತಡಮಾಡಿದೆ, ಅದಕ್ಕೆ ಇಂದಿಗೂ ಮರುಗುತ್ತೇನೆ. ಎರಡು ತಿಂಗಳಾದರೂ ಬೈಕಿನ ಸದ್ದಿಗೆ ಮೈ ಬೆವರುತ್ತಿತ್ತು, ನಿದ್ದೆಯಲ್ಲಿ ಕೈ ತಾನಾಗಿ ಬಿಗಿಯುತ್ತಿತ್ತು. ಅತ್ತೆಯವರು, “ಆಗಿದ್ದು ಆತು ಬಿಡವ್ವ, ಮತ್ತ ಮತ್ತ ಹೇಳಬ್ಯಾಡ” ಎನ್ನುತ್ತಿದ್ದುದು ಪ್ರೀತಿಯಿಂದಲೇ. ಆದರೆ ನನಗೆ ಹೇಳಿಕೊಳ್ಳಬೇಕಾಗಿತ್ತು. ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಎಲ್ಲವನ್ನೂ ಹೇಳಿದೆ, ಬಳಿಕ ಮನೋವೈದ್ಯರನ್ನು ಕಂಡೆ. ಅವರ ಸಲಹೆಯಂತೆ ಮೊದಲ ವಾರ ಗೇಟಿನವರೆಗೆ, ಮುಂದಿನ ವಾರ ಕಿರಾಣಿ ಅಂಗಡಿಯವರೆಗೆ, ಕೊನೆಗೆ ಪಕ್ಕದ ಮನೆಯ ಅಕ್ಕನೊಂದಿಗೆ ಆ ತಿರುವಿನವರೆಗೆ ನಡೆದೆ. ಈಗ ಒಬ್ಬಳೇ ಹೋಗುತ್ತೇನೆ. ಹಿಂದಿನಿಂದ ಬೈಕ್ ಬಂದರೆ ಬದಿಗೆ ಸರಿದು ನಿಂತು, ಅದು ದಾಟಿದ ಮೇಲೆ ಮುಂದಕ್ಕೆ ನಡೆಯುತ್ತೇನೆ.