ಹಳಿಯ ಪಕ್ಕದಲ್ಲೇ ವಿಮಾನ: 1929ರ ಪೋರ್ಟ್ ಕೊಲಂಬಸ್ ನಿಲ್ದಾಣದ ಮಾದರಿಯನ್ನು ಕಟ್ಟುವ ಬಗೆ

ಮಾದರಿ ರೈಲು ಕಟ್ಟುವವರಲ್ಲಿ ಅನೇಕರು ಒಂದಲ್ಲ ಒಂದು ದಿನ ಹಲಗೆಯ ಮೂಲೆಯಲ್ಲೊಂದು ವಿಮಾನವನ್ನು ಇಡುತ್ತಾರೆ. ಇಟ್ಟ ಮೇಲೆ ಅದು ಅಲ್ಲಿಗೆ ಸೇರಿದ್ದಲ್ಲವೆಂದು ಅವರಿಗೇ ಅನಿಸತೊಡಗುತ್ತದೆ. ರೈಲಿಗೂ ವಿಮಾನಕ್ಕೂ ಆ ಜಾಗದಲ್ಲಿ ಏನು ನಂಟೆಂಬುದು ನೋಡುವವರಿಗೆ ತಿಳಿಯುವುದಿಲ್ಲ, ಜೊತೆಗೆ ಎರಡರ ಸ್ಕೇಲ್ (ನಿಜವಾದುದಕ್ಕಿಂತ ಎಷ್ಟು ಪಟ್ಟು ಚಿಕ್ಕದೆಂಬ ಪ್ರಮಾಣ) ಕೂಡ ಹೊಂದುವುದಿಲ್ಲ. ಈ ಎರಡೂ ತೊಡಕುಗಳನ್ನು ಒಟ್ಟಿಗೆ ನಿವಾರಿಸಿಕೊಳ್ಳಲು ನಾನು ಸೂಚಿಸುವ ದೃಶ್ಯವೆಂದರೆ ಅಮೆರಿಕದ ಒಹಾಯೊ ರಾಜ್ಯದ ಪೋರ್ಟ್ ಕೊಲಂಬಸ್ ವಿಮಾನ ನಿಲ್ದಾಣ, 1929ರ ಜುಲೈ ತಿಂಗಳ ಒಂದು ಬೆಳಗ್ಗೆ.

ಆ ವರ್ಷ ಟ್ರಾನ್ಸ್‌ಕಾಂಟಿನೆಂಟಲ್ ಏರ್ ಟ್ರಾನ್ಸ್‌ಪೋರ್ಟ್ ಎಂಬ ಕಂಪನಿಯು ಎರಡು ರೈಲ್ವೆಗಳೊಡನೆ ಸೇರಿ, ಪ್ರಯಾಣಿಕರನ್ನು ಸುಮಾರು 48 ಗಂಟೆಗಳಲ್ಲಿ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ತಲುಪಿಸುವ ಸೇವೆಯನ್ನು ಆರಂಭಿಸಿತು. ಜುಲೈ 7ರ ಸಂಜೆ ನ್ಯೂಯಾರ್ಕಿನಲ್ಲಿ ಪೆನ್ಸಿಲ್ವೇನಿಯಾ ರೈಲ್ವೆಯ ರೈಲು ಹತ್ತಿದವರು ರಾತ್ರಿಯೆಲ್ಲ ಮಲಗಿ, ಬೆಳಗ್ಗೆ ಪೋರ್ಟ್ ಕೊಲಂಬಸ್‌ನಲ್ಲಿ ಇಳಿದು, ಹಗಲಿಡೀ ವಿಮಾನದಲ್ಲಿ ಹಾರಿ ಒಕ್ಲಹೋಮಾದ ವೇನೋಕಾ ಸೇರಿ, ಅಲ್ಲಿಂದ ಸಾಂಟಾ ಫೆ ರೈಲಿನಲ್ಲಿ ಇನ್ನೊಂದು ರಾತ್ರಿ ಕಳೆದು, ನ್ಯೂ ಮೆಕ್ಸಿಕೋದ ಕ್ಲೋವಿಸ್‌ನಿಂದ ಮತ್ತೆ ವಿಮಾನ ಹತ್ತಿ ಲಾಸ್ ಏಂಜಲೀಸ್ ಮುಟ್ಟುತ್ತಿದ್ದರು. ಇರುಳಿನಲ್ಲಿ ಬೆಟ್ಟಗಳ ಮೇಲೆ ಪ್ರಯಾಣಿಕರನ್ನು ಹಾರಿಸುವುದು ಅಪಾಯವೆಂದು ಎಣಿಸಿದ್ದರಿಂದ ಹಗಲು ವಿಮಾನಕ್ಕೆ, ರಾತ್ರಿ ರೈಲಿಗೆ ಎಂದು ದಾರಿಯನ್ನು ಹಂಚಿಕೊಳ್ಳಲಾಗಿತ್ತು. ಮರುವರ್ಷವೇ ಪೂರ್ತಿ ವಿಮಾನದ ಸೇವೆ ಬಂದು ಈ ಏರ್ಪಾಡು ಕೊನೆಗೊಂಡಿತು. ಆದ್ದರಿಂದ ಮಾದರಿಯ ಕೇಂದ್ರ ಎಂಜಿನ್ ಅಲ್ಲ, ವಿಮಾನವೂ ಅಲ್ಲ. ಪ್ಲಾಟ್‌ಫಾರ್ಮಿನಿಂದ ವಿಮಾನದ ಬಾಗಿಲವರೆಗಿನ ಕಾಲುದಾರಿ.

ಮೊದಲು ಸ್ಕೇಲ್ ನಿರ್ಧರಿಸಬೇಕು. ರೈಲಿನ ಮಾದರಿಗಳು ಸಾಮಾನ್ಯವಾಗಿ 1:87ರ ಎಚ್‌ಒ, 1:76ರ ಒಒ ಅಥವಾ 1:160ರ ಎನ್ ಸ್ಕೇಲಿನಲ್ಲಿ ದೊರೆಯುತ್ತವೆ. ವಿಮಾನದ ಕಿಟ್‌ಗಳು 1:72 ಮತ್ತು 1:144ರಲ್ಲಿ ಹೆಚ್ಚು. 1:72 ಎಂದರೆ ಒಂದು ಅಂಗುಲಕ್ಕೆ ಆರು ಅಡಿ, 1:144 ಎಂದರೆ ಹನ್ನೆರಡು ಅಡಿ. ರೈಲಿನವರು ಅಡಿಗೆ ಇಷ್ಟು ಮಿಲಿಮೀಟರ್ ಎಂದು ಲೆಕ್ಕ ಹಾಕಿದ್ದರಿಂದ ಎರಡೂ ಎಲ್ಲಿಯೂ ಸರಿಯಾಗಿ ಕೂಡುವುದಿಲ್ಲ. ಮನೆಯಲ್ಲಿ ಜಾಗ ಕಡಿಮೆಯಿರುವವರು ಎನ್ ಸ್ಕೇಲಿನ ರೈಲನ್ನೂ 1:144ರ ವಿಮಾನವನ್ನೂ ಆರಿಸಿಕೊಳ್ಳುವುದು ಒಳ್ಳೆಯದು. ಆಗ ವಿಮಾನವು ಇರಬೇಕಾದುದಕ್ಕಿಂತ ಶೇ 11ರಷ್ಟು ದೊಡ್ಡದಾಗುತ್ತದೆ, ಆದರೆ ಈ ದೋಷವನ್ನೇ ಉಪಯೋಗಕ್ಕೆ ತಂದುಕೊಳ್ಳಬಹುದು: ವಿಮಾನವನ್ನು ಹಲಗೆಯ ಮುಂಭಾಗದಲ್ಲಿ, ಕಟ್ಟಡವನ್ನು ನಡುವೆ, ರೈಲನ್ನು ಹಿಂಭಾಗದಲ್ಲಿ ಇಟ್ಟರೆ ದೊಡ್ಡದು ಹತ್ತಿರದಲ್ಲಿದೆ, ಚಿಕ್ಕದು ದೂರದಲ್ಲಿದೆ ಎಂದು ಕಣ್ಣು ತಾನಾಗಿಯೇ ಒಪ್ಪಿಕೊಳ್ಳುತ್ತದೆ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಮಾತ್ರ ಗುಟ್ಟು ಬಯಲಾಗುತ್ತದೆ.

ಹಲಗೆ 150 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಪ್ಲೈವುಡ್ ಆದರೆ ಸಾಕು. ಕೆಳಗೆ ಮರದ ಪಟ್ಟಿಗಳನ್ನು ಹೊಡೆಯದಿದ್ದರೆ ಮಳೆಗಾಲದಲ್ಲಿ ಅದು ಬಾಗುತ್ತದೆ. ಎಂಜಿನ್ ಮತ್ತು ನಾಲ್ಕು ಬೋಗಿಗಳು ಸೇರಿ 75 ಸೆಂ.ಮೀ.ಗಿಂತ ತುಸು ಹೆಚ್ಚಾಗುತ್ತವೆ. ಎನ್ ಸ್ಕೇಲಿನಲ್ಲೂ 100 ಮೀಟರ್ ಎಂಬುದು 62 ಸೆಂ.ಮೀ. ಆಗುವುದರಿಂದ ನಿಜವಾದ ಅಂತರಗಳನ್ನು ಹಾಗೆಯೇ ಇಳಿಸಲಾಗದು, ಕಾಲುದಾರಿಯನ್ನು ಕುಗ್ಗಿಸಲೇಬೇಕು. ಹಳಿಯನ್ನು ವೃತ್ತವಾಗಿ ಹಾಕಬೇಡಿ. ರೈಲು ಸುತ್ತುತ್ತಲೇ ಇದ್ದರೆ ಇಳಿದು ವಿಮಾನ ಹತ್ತುವವರು ಯಾರು? ಹಿಂದಿನ ಅಂಚಿನಲ್ಲಿ ಒಂದೇ ನೇರ ಹಳಿಯನ್ನು ಹಾಕಿ, ಒಂದು ತುದಿಯನ್ನು ಮರಗಳ ಮರೆಯಿಂದ 90 ಸೆಂ.ಮೀ. ಹೊರಕ್ಕೆ ಚಾಚಿದರೆ ರೈಲು ಅಲ್ಲಿಂದ ಮೆಲ್ಲಗೆ ಬಂದು ನಿಲ್ಲುತ್ತದೆ. 12 ವೋಲ್ಟ್ ಡಿಸಿ ಕಂಟ್ರೋಲರ್ ಇದಕ್ಕೆ ಧಾರಾಳವಾಯಿತು; ಹಳಿಯ ಪ್ರತಿ ತುಂಡಿಗೂ ಬೇರೆ ತಂತಿಯನ್ನು ಬೆಸುಗೆ ಹಾಕಿದರೆ ಎಂಜಿನ್ ನಡುದಾರಿಯಲ್ಲಿ ತಡವರಿಸುವುದಿಲ್ಲ.

ಜಲ್ಲಿಗಾಗಿ ನಯವಾದ ಮರಳನ್ನು ಜರಡಿ ಹಿಡಿದು ಹಳಿಯ ನಡುವೆ ಹರಡಿ, ಮೊದಲು ನೀರು ಚಿಮುಕಿಸಿ, ಬಳಿಕ ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲ್‌ಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸೇರಿಸಿ ತೊಟ್ಟಿಕ್ಕಿಸಬೇಕು. ಸೋಪಿಲ್ಲದಿದ್ದರೆ ಅಂಟು ಒಳಗಿಳಿಯದೆ ಮೇಲೆಯೇ ಗುಂಡುಗುಂಡಾಗಿ ನಿಲ್ಲುತ್ತದೆ.

ಇಲ್ಲಿಗೆ ಬೇಕಾದ ವಿಮಾನ ಫೋರ್ಡ್ ಟ್ರೈಮೋಟರ್. ಮೂರು ಎಂಜಿನ್, ಸುಮಾರು 23.7 ಮೀಟರ್ ರೆಕ್ಕೆ, ಅಂದರೆ ನಿಮ್ಮ ಹಲಗೆಯ ಮೇಲೆ ಹದಿನಾರೂವರೆ ಸೆಂಟಿಮೀಟರ್. ಅದರ ಮೈಯೆಲ್ಲ ಮಡಿಕೆಮಡಿಕೆಯ ಅಲ್ಯೂಮಿನಿಯಂ ತಗಡು. ಈ ಗೀರುಗಳೇ ವಿಮಾನದ ಗುರುತಾದ್ದರಿಂದ ದಪ್ಪ ಬಣ್ಣ ಬಳಿದು ಅವನ್ನು ಮುಚ್ಚಬಾರದು: ಬೆಳ್ಳಿಬಣ್ಣವನ್ನು ತೆಳುವಾಗಿ ಎರಡು ಸಲ ಸಿಂಪಡಿಸಿ, ಒಣಗಿದ ಮೇಲೆ ನೀರಾದ ಕಪ್ಪುಬಣ್ಣವನ್ನು ಗೀರುಗಳಿಗೆ ಹರಿಸಿ, ಬಟ್ಟೆಯಿಂದ ಒರೆಸಿದರೆ ತಗಡಿನ ಏರಿಳಿತ ಎದ್ದು ಕಾಣುತ್ತದೆ. ರೈಲಿಗೆ ಪೆನ್ಸಿಲ್ವೇನಿಯಾ ರೈಲ್ವೆಯ ಕೆ4 ಉಗಿ ಎಂಜಿನ್ ಒಪ್ಪುತ್ತದೆ. ಅದರ ಹಸಿರು ಕಪ್ಪೆಂದೇ ತೋರುವಷ್ಟು ಗಾಢ. ನಿಲ್ದಾಣದ ಇಟ್ಟಿಗೆ ಕಟ್ಟಡವನ್ನು ಕಾರ್ಡ್‌ಬೋರ್ಡಿನಲ್ಲೇ ಕಟ್ಟಬಹುದು, ಆದರೆ ಮೇಲಿನ ಎಂಟು ಮೂಲೆಯ ಗೋಪುರವನ್ನು ಮಾತ್ರ ಅವಸರಪಡದೆ ಮಾಡಿ. ಬೆಳಗಿನ ಹೊತ್ತು ಎಂದು ತೋರಿಸಲು ಹಳದಿ ಬೆಳಕಿನ ದೀಪವನ್ನು ಒಂದೇ ಕಡೆಯಿಂದ, ತಗ್ಗಿನಲ್ಲಿ ಇಡಿ.

ಇದೇ ನಂಟನ್ನು ನಮ್ಮೂರಿನಲ್ಲಿ ಹುಡುಕುವವರಿಗೆ ಬೆಂಗಳೂರಿದೆ. 1940ರಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧ ಮುಗಿದ ಬಳಿಕ ರೈಲು ಬೋಗಿಗಳನ್ನೂ ಕಟ್ಟಿತು. ಆ ಕೆಲಸ ಮುಂದೆ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ (ಭಾರತ್ ಅರ್ತ್ ಮೂವರ್ಸ್) ಕಂಪನಿಗೆ ಹೋಯಿತು. ಇಲ್ಲಿ ಎದುರಾಗುವ ತೊಡಕು ಹಳಿಯ ಅಗಲದ್ದು. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಇರುವುದರಿಂದ ಎಚ್‌ಒ ಸ್ಕೇಲಿನಲ್ಲಿ 19.3 ಮಿ.ಮೀ. ಬೇಕು, ಸಿಗುವ ಹಳಿ 16.5, ಈ ಕೊರತೆ ಮುಂದಿನಿಂದ ನೋಡಿದರೆ ಕಾಣುತ್ತದೆ. ಎನ್ ಸ್ಕೇಲಿನಲ್ಲಿ 10.5ರ ಬದಲು 9 ಮಿ.ಮೀ. ಹಳಿ ಹಾಕಿ, ಬೋಗಿಯನ್ನು ಕಾರ್ಖಾನೆಯ ಬಾಗಿಲಲ್ಲಿ ಪಕ್ಕದಿಂದ ಕಾಣುವಂತೆ ನಿಲ್ಲಿಸಿದರೆ ಯಾರೂ ಅಳೆಯಲು ಬಗ್ಗುವುದಿಲ್ಲ.